ಚಂದಾ ಕಟ್ಟದವರಿಗೂ ಸಂಬಳ ಏರುತ್ತೆ, ಮತ್ತೆ ಯೂನಿಯನ್‌ಗೆ ಯಾಕೆ ಸೇರಬೇಕು?

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಖಾಯಂ ಆಗಿ ಎರಡು ವರ್ಷ ಆಯ್ತು. ಯೂನಿಯನ್‌ನವರು ಸೇರ್ಕೋ ಅಂತಿದ್ದಾರೆ, ತಿಂಗಳಿಗೆ 50 ರೂಪಾಯಿ ಚಂದಾ. ಆದರೆ ಸೇರದವರಿಗೂ ಒಪ್ಪಂದದ ಸಂಬಳ ಸಿಗುತ್ತಲ್ವಾ? ಸೇರಿದರೆ ಮ್ಯಾನೇಜ್‌ಮೆಂಟ್ ಕಣ್ಣಿಗೆ ಬೀಳ್ತೀಯ ಅಂತ ಮನೆಯಲ್ಲಿ ಬೇರೆ ಹೆದರುತ್ತಿದ್ದಾರೆ. ನಿಜಕ್ಕೂ ಲಾಭ ಇದೆಯಾ?

ಉತ್ತರ: ಹೌದು, ಸೇರದಿದ್ದರೂ ಸಿಗುತ್ತೆ. ಲೇಬರ್ ಆಫೀಸರ್ ಮುಂದೆ ಕೂತು ರಾಜಿಯಲ್ಲಿ ಮಾಡಿಕೊಂಡ ಒಪ್ಪಂದ, ಹಳಬರು ‘12(3)’ ಅಂತ ಕರೆಯುತ್ತಾರಲ್ಲ, ಅದು ಆ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ ಅನ್ವಯ. ಚಂದಾ ಕಟ್ಟಿದವರು, ಕಟ್ಟದವರು ಅನ್ನೋ ಭೇದ ಇಲ್ಲ. ನಾಳೆ ಕೆಲಸಕ್ಕೆ ಸೇರುವವರಿಗೂ ಅದೇ.

ಆದರೆ ಆ ಒಪ್ಪಂದ ಎಷ್ಟಕ್ಕೆ ಕುದುರುತ್ತೆ ಅನ್ನೋದು ಸದಸ್ಯರ ಸಂಖ್ಯೆ ಮೇಲೆ ನಿಂತಿದೆ. ಮಾತುಕತೆಗೆ ಕೂತಾಗ ಮ್ಯಾನೇಜ್‌ಮೆಂಟ್ ಮೊದಲು ತಲೆ ಎಣಿಸುತ್ತೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಂತೂ ಈ ಲೆಕ್ಕ ಕಾನೂನಿನಲ್ಲೇ ಬಂದಿದೆ. ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ ಶೇ 51ರಷ್ಟು ಕಾರ್ಮಿಕರು ಯಾರ ಜೊತೆ ಇದ್ದಾರೋ ಮಾತಾಡುವ ಹಕ್ಕು ಅವರದೇ. ಅಷ್ಟು ಯಾರಿಗೂ ಇಲ್ಲದಿದ್ದರೆ ಕನಿಷ್ಠ ಶೇ 20 ಇರುವ ಯೂನಿಯನ್‌ಗಳು ಸೇರಿ ಒಂದು ಕೌನ್ಸಿಲ್. ನೀವು ಹೊರಗೆ ನಿಂತರೆ ಆ ಎಣಿಕೆಯಲ್ಲಿ ಒಂದು ಕಡಿಮೆ.

ಯೂನಿಯನ್ ಅಂದ ಕೂಡಲೇ ನಾವೆಲ್ಲ ಸಂಬಳ ಎಷ್ಟು ಏರಿಸಿದರು ಅಂತ ಮಾತ್ರ ಕೇಳುತ್ತೇವೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಕಾನೂನು ಪ್ರಕಾರ ಆಗಲೇ ನಿಮ್ಮದಾಗಿರುವ ದುಡ್ಡನ್ನು ನಿಮ್ಮ ಕೈಗೆ ತಲುಪಿಸೋದು.

ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಒಬ್ಬ ಅಕ್ಕ ಇದ್ದಾರೆ. ಒಂದು ಸಂಜೆ ಎರಡು ಸಂಬಳದ ಸ್ಲಿಪ್ ತಂದು ನನ್ನ ಮುಂದೆ ಇಟ್ಟರು. ಒಂದು 2020ರ ಮಾರ್ಚ್‌ದು, ಇನ್ನೊಂದು ಮುಂದಿನ ಜನವರಿದು. ಎರಡರಲ್ಲೂ ವಿಡಿಎ, ಅಂದರೆ ತುಟ್ಟಿಭತ್ಯೆಯ ಕಾಲಂನಲ್ಲಿ ಅದೇ ಸಂಖ್ಯೆ, ಒಂದು ರೂಪಾಯಿ ಆಚೀಚೆ ಇಲ್ಲ. "ಗೇಟ್ ಮೀಟಿಂಗ್‌ನಲ್ಲಿ ಹೇಳಿದ ಮೇಲೆನೇ ನಾನು ಇದನ್ನ ನೋಡಿದ್ದು, ಇಲ್ಲಾಂದ್ರೆ ನೆಟ್ ಎಷ್ಟು ಬಂತು ಅಂತ ಕೆಳಗಡೆ ನೋಡಿ ಮಡಚಿ ಇಡ್ತಿದ್ದೆ" ಅಂದರು.

ಆಗಿದ್ದೇನು ಅಂದರೆ, ಕನಿಷ್ಠ ವೇತನದ ಜೊತೆ ಬರುವ ಈ ತುಟ್ಟಿಭತ್ಯೆ ಬೆಲೆ ಏರಿಕೆ ನೋಡಿಕೊಂಡು ಪ್ರತಿ ಏಪ್ರಿಲ್ 1ಕ್ಕೆ ಬದಲಾಗಬೇಕು. 2020ರಲ್ಲಿ ಕರ್ನಾಟಕದಲ್ಲಿ ಅದು ತಿಂಗಳಿಗೆ 417 ರೂಪಾಯಿ ಚಿಲ್ಲರೆ ಏರಬೇಕಿತ್ತು. ಕೋವಿಡ್ ಕಾರಣ ಕೊಟ್ಟು ಸರ್ಕಾರ ಮುಂದಕ್ಕೆ ಹಾಕಿತು. ಯೂನಿಯನ್‌ನವರು ಹೈಕೋರ್ಟ್‌ಗೆ ಹೋದರು, ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಅದಾದ ಮೇಲೂ ಎಷ್ಟೋ ಗಾರ್ಮೆಂಟ್ಸ್ ಕಾರ್ಖಾನೆಗಳು ಕೊಡಲಿಲ್ಲ. ಯೂನಿಯನ್‌ಗಳು ಬಿಡದೆ, ಇಲ್ಲಿ ಹೊಲಿದ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ತನಕ ವಿಷಯ ಮುಟ್ಟಿಸಿದ ಮೇಲೆ 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. 417 ಅಂದರೆ ಸಣ್ಣದು ಅನ್ನಿಸಬಹುದು, ವರ್ಷಕ್ಕೆ 5 ಸಾವಿರ ದಾಟುತ್ತೆ. ನಿಮ್ಮ ಚಂದಾ ವರ್ಷಕ್ಕೆ 600.

ಪಿಎಫ್, ಇಎಸ್‌ಐ, ಓಟಿಗೆ ಡಬಲ್ ರೇಟ್, ಗ್ರ್ಯಾಚುಯಿಟಿ, ಇವೆಲ್ಲದರ ಕಥೆಯೂ ಇದೇ. ಬೋನಸ್‌ಗೆ ಕಾನೂನು ಶೇ 8.33 ಅನ್ನೋ ಕೆಳಮಿತಿ ಹಾಕಿದೆ, ಮೇಲೆ ಶೇ 20ರ ತನಕ ಜಾಗ ಬಿಟ್ಟಿದೆ. ಆ ಜಾಗದಲ್ಲಿ ಎಳೆದಾಡೋಕೆ ಒಬ್ಬೊಬ್ಬರೇ ಹೋದರೆ ಎಚ್‌ಆರ್‌ನವರು "ನೋಡೋಣ" ಅಂತಾರೆ, ಅಷ್ಟೇ.

ಯೂನಿಯನ್ ಇಲ್ಲದೆಯೂ ಜನ ಗೆದ್ದಿದ್ದಾರೆ ಅಂತ ನೀವು ಹೇಳಬಹುದು, ನಿಜ. 2016ರ ಏಪ್ರಿಲ್‌ನಲ್ಲಿ ಕಂಪನಿ ಪಾಲಿನ ಪಿಎಫ್ ದುಡ್ಡನ್ನು 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅನ್ನೋ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಯಾವ ಯೂನಿಯನ್ ನಾಯಕರೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆದರೆ ಮುಂದಿನ ತಿಂಗಳಿಂದ ಟಾರ್ಗೆಟ್ ಏರಿಸಿದರೆ, ಓಟಿ ದುಡ್ಡಿನ ಬದಲು ಕಾಂಪ್ ಆಫ್ (ಇನ್ನೊಂದು ದಿನ ರಜೆ) ಅಂದರೆ, ಕೇಳೋಕೆ ಪ್ರತಿ ಸಲ ರಸ್ತೆಗೆ ಇಳಿಯೋಕೆ ಆಗಲ್ಲ. ದಿನಾ ಕೇಳೋಕೆ ಒಂದು ಕಮಿಟಿ ಬೇಕು.

ಈಗ ಕಷ್ಟದ ಕಡೆ ಬರೋಣ, ಅದನ್ನೂ ಮುಚ್ಚಿಡಬಾರದು. ಮುಷ್ಕರ ಮಾಡಿದರೆ ಆ ದಿನಗಳ ಸಂಬಳ ಇಲ್ಲ. 1980ರ ಡಿಸೆಂಬರ್ ಕೊನೆಗೆ ಬೆಂಗಳೂರಿನ ಕೇಂದ್ರ ಸರ್ಕಾರಿ ಕಂಪನಿಗಳಾದ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಕೇಳಿ ಕೆಲಸ ನಿಲ್ಲಿಸಿದರು. 77 ದಿನ ನಡೆಯಿತು. ಕೊನೆಗೆ ಕೇಳಿದ್ದು ಕೈಗೆ ಬರದೆ ವಾಪಸ್ ಒಳಗೆ ಹೋಗಬೇಕಾಯಿತು. 77 ದಿನ ಅಂದರೆ ಎರಡೂವರೆ ತಿಂಗಳ ಬಾಡಿಗೆ, ರೇಷನ್, ಮಕ್ಕಳ ಫೀಸು. ಈಗಿನ ಸಂಹಿತೆಯಲ್ಲಿ 14 ದಿನ ಮೊದಲೇ ನೋಟಿಸ್ ಕೊಡಬೇಕು, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಜನ ಒಟ್ಟಿಗೆ ಸಿಎಲ್ (ಕ್ಯಾಶುಯಲ್ ರಜೆ) ಹಾಕಿದರೂ ಅದು ಮುಷ್ಕರವೇ. ಹಾಗಾಗಿ ಮಾತೆತ್ತಿದರೆ ಮುಷ್ಕರ ಅನ್ನುವ ನಾಯಕರನ್ನು ನಾನು ನಂಬಲ್ಲ. ಎಷ್ಟು ದಿನ ತಡೆದುಕೊಳ್ಳಬಲ್ಲೆವು ಅಂತ ಲೆಕ್ಕ ಹಾಕಿ ಹೇಳುವವರನ್ನು ನಂಬುತ್ತೇನೆ.

ಮನೆಯವರ ಹೆದರಿಕೆಯೂ ಸುಮ್ನೆ ಅಲ್ಲ. ಯೂನಿಯನ್ ಸದಸ್ಯ ಅನ್ನೋ ಕಾರಣಕ್ಕೆ ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ, ಆದರೆ ಬೇರೆ ನೆಪ ಹುಡುಕಿ ಮೆಮೊ ಕೊಡೋದು, ಡಿಪಾರ್ಟ್‌ಮೆಂಟ್ ಬದಲಿಸೋದು ನಡೆಯುತ್ತೆ. ಕೇಸ್ ಹಾಕಿದರೆ ವರ್ಷಗಟ್ಟಲೆ ಎಳೆಯುತ್ತೆ. ಹತ್ತು ಜನ ಇರುವ ಯೂನಿಯನ್‌ನಲ್ಲಿ ಈ ಭಯ ಜಾಸ್ತಿ, ಮುಕ್ಕಾಲು ಕಾರ್ಖಾನೆ ಸೇರಿರುವ ಕಡೆ ತುಂಬಾ ಕಡಿಮೆ. ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ಮೊದಲು ತಿಳಿದುಕೊಳ್ಳಿ. ಸೇರಿದ ಮೇಲೆ ಚಂದಾ ಲೆಕ್ಕದ ಪುಸ್ತಕ ನೋಡಬೇಕು ಅಂತ ಕೇಳಿ. 1926ರ ಟ್ರೇಡ್ ಯೂನಿಯನ್ ಕಾಯ್ದೆ ಕಾಲದಿಂದಲೂ ಸದಸ್ಯರಿಗೆ ಆ ಹಕ್ಕಿದೆ. ಕೇಳಿದರೆ ಮುಖ ಗಂಟಿಕ್ಕುವ ಕಮಿಟಿಯಾದರೆ ಮುಂದಿನ ಚುನಾವಣೆಯಲ್ಲಿ ಓಟು ಬೇರೆಯವರಿಗೆ ಹಾಕಿ, ಯೂನಿಯನ್ ಬಿಡಬೇಡಿ.

ನನಗೆ ನಿಜವಾಗಿ ನೋವಾಗುವ ವಿಷಯ ಬೇರೆ. ಖಾಯಂ ಕಾರ್ಮಿಕರ ಒಪ್ಪಂದ ಸಹಿ ಆಗುತ್ತೆ, ಸ್ವೀಟ್ ಹಂಚುತ್ತಾರೆ, ಅರಿಯರ್ಸ್ ಬರುತ್ತೆ. ಪಕ್ಕದ ಮೆಷಿನ್‌ನಲ್ಲಿ ಅದೇ ಕೆಲಸ ಮಾಡುವ ಕಾಂಟ್ರಾಕ್ಟ್ ಹುಡುಗನಿಗೆ ಸ್ವೀಟ್ ಮಾತ್ರ. ಎಷ್ಟೋ ಯೂನಿಯನ್‌ಗಳು ತಮ್ಮವರ ಸಂಬಳ ಏರಿಸಿಕೊಂಡು ಹೊಸ ನೇಮಕಾತಿ ಎಲ್ಲ ಕಾಂಟ್ರಾಕ್ಟ್‌ನಲ್ಲಿ ಆಗೋದನ್ನು ನೋಡಿಯೂ ಸುಮ್ಮನಿದ್ದವು. ಈಗ ಅವರ ಸದಸ್ಯರೇ ಕಡಿಮೆಯಾಗುತ್ತಿದ್ದಾರೆ.

ಹೀಗೇ ಆಗಬೇಕು ಅಂತೇನಿಲ್ಲ. ಬೆಂಗಳೂರಿನ ಪೌರಕಾರ್ಮಿಕರು ಕಾಂಟ್ರಾಕ್ಟರ್ ಕೈಕೆಳಗೆ ಇದ್ದವರೇ. ಸಂಘ ಕಟ್ಟಿಕೊಂಡರು. ಮೊದಲು ಕಾಂಟ್ರಾಕ್ಟರ್‌ನನ್ನು ಮಧ್ಯದಿಂದ ತೆಗೆಸಿ ಪಾಲಿಕೆಯಿಂದ ನೇರ ಸಂಬಳ ಬರುವ ಹಾಗೆ ಮಾಡಿಕೊಂಡರು, 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಖಾಯಂ ಮಾಡಿ ಅಂತ ಕೂತರು, 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನ ನೇಮಕಾತಿ ಪತ್ರ ಪಡೆದರು.

ನೀವು ಸೇರಿ ಅಂತಲೇ ನಾನು ಹೇಳೋದು. ಮೊದಲ ಚಂದಾ ಕಟ್ಟಿ ರಸೀದಿ ತಗೊಳ್ಳುವಾಗಲೇ ಕಮಿಟಿಯವರನ್ನು ಕೇಳಿ, ಈ ಸಲದ ಬೇಡಿಕೆ ಪಟ್ಟಿಯಲ್ಲಿ ಕಾಂಟ್ರಾಕ್ಟ್‌ನವರ ಬಗ್ಗೆ ಏನು ಬರೆದಿದ್ದೀರಿ ಅಂತ.