ಗೋಡೋ ಎಡಿಟರ್‌ನಲ್ಲಿ ‘ಹುಬ್ಬಳ್ಳಿ’ ಒಡೆಯುತ್ತಿದ್ದುದೇಕೆ?

ಕಂಪ್ಯೂಟರ್ ಆಟ ಕಟ್ಟುವ ತಂತ್ರಾಂಶವಾದ ಗೋಡೋ ಗೇಮ್ ಎಂಜಿನ್‌ನ 3ನೇ ಆವೃತ್ತಿ ತೆರೆದು, ಕನ್ನಡ ಫಾಂಟ್ ಕೊಟ್ಟು, ಒಂದು ಲೇಬಲ್‌ನಲ್ಲಿ ನಮ್ಮ ಕಡೆಯ ಊರುಗಳ ಹೆಸರು ಬರೆದು ನೋಡಿ. ಗದಗ ಸರಿಯಾಗಿಯೇ ಮೂಡುತ್ತದೆ. ಧಾರವಾಡ, ಹಾವೇರಿಗಳಲ್ಲಿ ತಲೆಕಟ್ಟಿಗೂ ಗುಣಿತಕ್ಕೂ ಹೊಂದಿಕೆ ತಪ್ಪಿದರೂ ಓದಲು ಬರುತ್ತದೆ. ಹುಬ್ಬಳ್ಳಿ ಮಾತ್ರ ‘ಹುಬ್‌ಬಳ್‌ಳಿ’ ಆಗಿ ಸಾಲಾಗಿ ನಿಲ್ಲುತ್ತದೆ. ಒತ್ತು ಕೆಳಗಿಳಿಯುವುದೇ ಇಲ್ಲ.

ತಪ್ಪು ಫಾಂಟಿನದಲ್ಲ. ಯುನಿಕೋಡ್‌ನಲ್ಲಿ ಹುಬ್ಬಳ್ಳಿ ಎಂದರೆ 9 ಸಂಕೇತಗಳು: ಮೂರು ಅಕ್ಷರವಾಗಿ ಕಾಣುವುದು ಅವು ಕೂಡಿದ ಮೇಲೆ. ಕೂಡಿಸುವ ನಿಯಮ ಫಾಂಟಿನೊಳಗೇ ಇದೆ, ಆದರೆ ಅದನ್ನು ಓದಿ ಜಾರಿಗೆ ತರುವ ತಂತ್ರಾಂಶ ಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಆ ಕೆಲಸ ಹಾರ್ಫ್‌ಬಜ್ ಎಂಬ ತಂತ್ರಾಂಶದ್ದು. ಗೋಡೋ 3ರಲ್ಲಿ ಅದಿರಲಿಲ್ಲ. ಒಂದು ಸಂಕೇತಕ್ಕೆ ಒಂದು ಚಿತ್ರ ಇಟ್ಟು ಮುಂದೆ ಹೋಗುತ್ತಿತ್ತು. ಗೋಡೋ ಎಡಿಟರನ್ನು ಕಟ್ಟಿರುವುದೂ ಗೋಡೋದಿಂದಲೇ. ಹಾಗಾಗಿ ಆಟದ ಪ್ರೋಗ್ರಾಂ ಕಡತದಲ್ಲಿ ಬರೆದ ಕನ್ನಡ ಟಿಪ್ಪಣಿಯೂ ಒಡೆಯುತ್ತಿತ್ತು.

ಅರ್ಜೆಂಟೀನಾದಲ್ಲಿ ಹುಟ್ಟಿದ ಈ ಎಂಜಿನ್‌ನ ಮೂಲಸಂಕೇತ 2014ರ ಫೆಬ್ರುವರಿಯಲ್ಲಿ ಮುಕ್ತವಾಯಿತು, 3.0 ಬಂದದ್ದು 2018ರಲ್ಲಿ. ಆ ವರ್ಷಗಳಲ್ಲಿ ಕನ್ನಡಕ್ಕೆ ಎರಡೇ ದಾರಿ. ಬರಹವನ್ನೆಲ್ಲ ಪಿಎನ್‌ಜಿ ಚಿತ್ರ ಮಾಡಿಡುವುದು ಒಂದು. ಇನ್ನೊಂದು, ಡಿಟಿಪಿಯವರು ಬಳಸುವ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್. ಅದರಲ್ಲಿ ಒತ್ತು, ಗುಣಿತದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂತಿರುವುದರಿಂದ ಕೂಡಿಸುವವರೇ ಬೇಕಿಲ್ಲ. ಬೆಲೆ ಮಾತ್ರ ದುಬಾರಿ: ಆಟಗಾರ ಯುನಿಕೋಡ್‌ನಲ್ಲಿ ಟೈಪಿಸಿದ ಪದ ಆಟದೊಳಗಿನ ಪದಕ್ಕೆ ಎಂದೂ ತಾಳೆಯಾಗುವುದಿಲ್ಲ.

2023ರ ಮಾರ್ಚ್‌ನಲ್ಲಿ ಬಂದ 4.0 ಅಕ್ಷರ ಮೂಡಿಸುವ ಭಾಗವನ್ನೇ ಹೊಸದಾಗಿ ಕಟ್ಟಿತು. ಟೆಕ್ಸ್ಟ್‌ಸರ್ವರ್ ಎಂಬ ಈ ಭಾಗದೊಳಗೆ ಹಾರ್ಫ್‌ಬಜ್ ಇದೆ. 3.6ರಲ್ಲೂ ಈ ಸೌಲಭ್ಯ ಇಲ್ಲ, ಆದ್ದರಿಂದ 3ರಲ್ಲಿ ಪರಿಹಾರಕ್ಕೆ ಕಾಯುವುದು ವ್ಯರ್ಥ. ಲ್ಯಾಬಿನ ಹಳೆಯ ಕಂಪ್ಯೂಟರಿಗೆ ವಲ್ಕನ್ ಎಂಬ ಹೊಸ ಗ್ರಾಫಿಕ್ಸ್ ವ್ಯವಸ್ಥೆ ಇಲ್ಲ ಎಂದು 3ಕ್ಕೇ ಅಂಟಿಕೊಳ್ಳಬೇಕಿಲ್ಲ. 4ರ ಕಂಪ್ಯಾಟಿಬಿಲಿಟಿ ರೆಂಡರರ್‌ಗೆ (ಚಿತ್ರ ಮೂಡಿಸುವ ಭಾಗಕ್ಕೆ) ಹಳೆಯ ವ್ಯವಸ್ಥೆಯಾದ ಓಪನ್‌ಜಿಎಲ್ 3.3 ಸಾಕು. ನುಡಿ ಆಸ್ಕಿಯಲ್ಲಿದ್ದ ಬರಹವನ್ನು ಮಾತ್ರ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಈಗಲೂ ಹೆಚ್ಚು ಜನ ಎಡವುವುದು ವೆಬ್ ಎಕ್ಸ್‌ಪೋರ್ಟ್‌ನಲ್ಲಿ. ಎಡಿಟರ್‌ನಲ್ಲಿ ಚೆಂದ ಕಂಡ ಕನ್ನಡ ಬ್ರೌಸರಿನಲ್ಲಿ ಬರಿ ಚೌಕಗಳಾಗುತ್ತದೆ. ನಿಮ್ಮ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಗೋಡೋ ಸದ್ದಿಲ್ಲದೆ ವಿಂಡೋಸ್‌ನ ನಿರ್ಮಲಾದಂಥ ಸಿಸ್ಟಂ ಫಾಂಟ್ ಎರವಲು ಪಡೆಯುತ್ತದೆ, ವೆಬ್‌ನಲ್ಲಿ ಆ ಎರವಲು ಇಲ್ಲ. ನೋಟೋ ಸ್ಯಾನ್ಸ್ ಕನ್ನಡದ ಟಿಟಿಎಫ್ ಕಡತವನ್ನು ಪ್ರಾಜೆಕ್ಟ್ ಫೋಲ್ಡರಿಗೆ ಹಾಕಿ, ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಜಿಯುಐ, ಥೀಮ್, ಕಸ್ಟಮ್ ಫಾಂಟ್‌ಗೆ ಅದನ್ನೇ ಕೊಡಿ. ಇಂಪೋರ್ಟ್ ಡಾಕ್‌ನಲ್ಲಿ ‘ಅಲೋ ಸಿಸ್ಟಂ ಫಾಲ್‌ಬ್ಯಾಕ್’ ಆಫ್ ಮಾಡಿಟ್ಟರೆ ಕೊರತೆ ಎಡಿಟರ್‌ನಲ್ಲೇ ಬಯಲಾಗುತ್ತದೆ. ಪರೀಕ್ಷೆಗೆ ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದ ಹೆಸರೇ ಉತ್ತಮ: ‘ಶ್ರೀ ಸಿದ್ಧಾರೂಢ ಸ್ವಾಮೀಜಿ’. ಗಾತ್ರ ಇಳಿಸಲು ಟೆಕ್ಸ್ಟ್‌ಸರ್ವರ್‌ನ ‘ಫಾಲ್‌ಬ್ಯಾಕ್’ ರೂಪ ಮಾತ್ರ ಸೇರಿಸಿ ಎಕ್ಸ್‌ಪೋರ್ಟ್ ಟೆಂಪ್ಲೇಟ್ ಕಟ್ಟಿದರೆ ಒತ್ತಕ್ಷರ ಮತ್ತೆ ಒಡೆಯುತ್ತದೆ, ಅದನ್ನು ಮುಟ್ಟಬೇಡಿ.

ಸಂಭಾಷಣೆ ಅಕ್ಷರ ಅಕ್ಷರವಾಗಿ ಮೂಡುವಾಗ ‘ಬ್’ ಬಂದು ಆಮೇಲೆ ‘ಬ್ಬ’ ಆಗಿ ನೆಗೆಯುತ್ತಿದ್ದರೆ, ಲೇಬಲ್‌ನ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅನ್ನು ‘ಕ್ಯಾರೆಕ್ಟರ್ಸ್ ಆಫ್ಟರ್ ಶೇಪಿಂಗ್’ಗೆ ಬದಲಿಸಿ. ಪದಬಂಧ ಕಟ್ಟುವವರಿಗೆ ಕೆಲಸ ಇನ್ನೂ ಬಾಕಿ: ಹುಬ್ಬಳ್ಳಿಯ ಉದ್ದ ಕೇಳಿದರೆ 4ನೇ ಆವೃತ್ತಿಯೂ 9 ಎನ್ನುತ್ತದೆ. ಹಲಂತವನ್ನು (ಅರ್ಧಾಕ್ಷರದ ಚಿಹ್ನೆ), ಅದರ ನಂತರದ ವ್ಯಂಜನವನ್ನು, ಗುಣಿತ, ಅನುಸ್ವಾರ, ವಿಸರ್ಗಗಳನ್ನು ಹಿಂದಿನದಕ್ಕೇ ಸೇರಿಸುವ ಫಂಕ್ಷನ್ ನೀವೇ ಬರೆದುಕೊಂಡಾಗ ಮಾತ್ರ ಮೂರು ಮನೆಗಳಲ್ಲಿ ಹು, ಬ್ಬ, ಳ್ಳಿ ಕೂರುತ್ತವೆ.