ಕರ್ನಲ್‌ನಿಂದ ಹಳೆಯದನ್ನು ತೆಗೆಯುವ ಮುನ್ನ

ಮೆಕ್ಕೆಜೋಳದ ಸೀಸನ್‌ನಲ್ಲಿ ದಾವಣಗೆರೆಯ ವೇ-ಬ್ರಿಡ್ಜ್‌ಗಳಿಗೆ ಬಿಡುವಿರುವುದಿಲ್ಲ. ಅಲ್ಲಿನ ಕಂಪ್ಯೂಟರಿಗೆ ಯಾರೋ ಲಿನಕ್ಸ್ ಹಾಕಿಕೊಟ್ಟಿದ್ದರೆ, ಸೀರಿಯಲ್ ಪೋರ್ಟಿಗೆ ತೂಕದ ಇಂಡಿಕೇಟರ್, ಪ್ಯಾರಲಲ್ ಪೋರ್ಟಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಸಿಕ್ಕಿಸಿಕೊಂಡು ಅದು ವರ್ಷಗಟ್ಟಲೆ ಓಡುತ್ತಿರುತ್ತದೆ. ಅದರ ಮಾಲೀಕರು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡೆವಲಪರ್‌ಗಳ ಚರ್ಚೆ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಕರ್ನಲ್‌ನಿಂದ ಏನನ್ನಾದರೂ ತೆಗೆಯಲು ಹೊರಟವರು ಮೊದಲು ನೆನೆಯಬೇಕಾದದ್ದು ಇವರನ್ನೇ. ಯಾರೂ ದೂರು ಕೊಟ್ಟಿಲ್ಲ ಎಂದ ಮಾತ್ರಕ್ಕೆ ಯಾರೂ ಬಳಸುತ್ತಿಲ್ಲ ಎಂದಾಗುವುದಿಲ್ಲ.

ಹಾಗಂತ ಹಳೆಯದನ್ನೆಲ್ಲ ಉಳಿಸಿಕೊಳ್ಳುವುದು ಪುಕ್ಕಟೆಯೂ ಅಲ್ಲ. ಇಂಟೆಲ್‌ನ ಹಳೆಯ 80386 ಪ್ರೊಸೆಸರ್‌ನಲ್ಲಿ ಮೆಮೊರಿಯ ಒಂದು ಪುಟಕ್ಕೆ (ತುಂಡಿಗೆ) ಹಾಕಿದ ಬರಹ-ನಿರ್ಬಂಧ ಕರ್ನಲ್ ಮೋಡ್‌ಗೆ ಅನ್ವಯಿಸುತ್ತಿರಲಿಲ್ಲ. ಬಳಕೆದಾರರ ಮೆಮೊರಿಗೆ ಬರೆಯುವಾಗಲೆಲ್ಲ ಕರ್ನಲ್ ತಾನೇ ಕೈಯಾರೆ ಪರೀಕ್ಷೆ ಮಾಡಿಕೊಳ್ಳಬೇಕಿತ್ತು. ಮೆಮೊರಿಯ ಬೆಲೆಯನ್ನು ಹೋಲಿಸಿ ಒಂದೇ ಏಟಿಗೆ ಬದಲಿಸುವ ಕಂಪೇರ್-ಎಕ್ಸ್‌ಚೇಂಜ್ ಸೂಚನೆಯೂ ಅದರಲ್ಲಿ ಇರಲಿಲ್ಲ. ಈ ಒಂದು ಚಿಪ್‌ಗಾಗಿ ಉಳಿದ ಕೋಡ್ ತಿರುಚಿಕೊಳ್ಳುತ್ತಿದ್ದುದರಿಂದ 2013ರ 3.8 ಆವೃತ್ತಿಯಲ್ಲಿ ಅದರ ಬೆಂಬಲ ಕೈಬಿಟ್ಟರು.

ತೆಗೆಯಬೇಕಾದದ್ದು ಕರ್ನಲ್‌ನ ಒಳಗಿನದೋ, ಬಳಕೆದಾರರಿಗೆ ಕಾಣುವಂಥದ್ದೋ ಎಂಬುದು ಮೊದಲೇ ತೀರ್ಮಾನವಾಗಬೇಕು. ಒಳಗಿನದಾದರೆ ಕೆಲಸ ಸಲೀಸು: ಕರ್ನಲ್ ಕೋಡ್‌ನಲ್ಲಿ ಪದ ಹುಡುಕುವ ಗಿಟ್ ಗ್ರೆಪ್‌ನಲ್ಲಿ ಹುಡುಕಿ, ಕರೆಯುವ ಕಡೆಗಳನ್ನೆಲ್ಲ ಬದಲಿಸಿ, ಕೊನೆಯಲ್ಲಿ ಮೂಲವನ್ನು ಅಳಿಸುವುದು. 6.8ರಲ್ಲಿ ಪಠ್ಯ ನಕಲಿಸುವ ಎಸ್‌ಟಿಆರ್‌ಎಲ್‌ಸಿಪಿವೈ ಎಂಬ ಫಂಕ್ಷನ್ ಹೋದದ್ದು ಹೀಗೆ. ಸಿಸ್ಟಮ್ ಕಾಲ್ (ಪ್ರೋಗ್ರಾಮ್‌ಗಳು ಕರ್ನಲ್‌ನಿಂದ ಕೆಲಸ ಕೇಳುವ ದಾರಿ), ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಕಡತಗಳನ್ನು ಇಡುವ ವ್ಯವಸ್ಥೆ), ಡ್ರೈವರ್‌ಗಳಿಗೆ ಈ ದಾರಿ ನಡೆಯದು. ಅವನ್ನು ಬಳಸುವವರು ನಮ್ಮ ಗ್ರೆಪ್‌ಗೆ ಸಿಗುವುದಿಲ್ಲ.

ರೈಸರ್‌ಎಫ್‌ಎಸ್ ಫೈಲ್ ಸಿಸ್ಟಮ್ ತೆಗೆದ ರೀತಿ ನನಗೆ ಮಾದರಿಯಾಗಿ ಕಾಣುತ್ತದೆ. 2001ರಲ್ಲಿ 2.4.1ಕ್ಕೆ ಸೇರಿದ್ದ ಅದನ್ನು ಪರೀಕ್ಷಿಸುವವರೇ ಕಡಿಮೆಯಾಗಿದ್ದರು. ಆದರೂ ಫೈಲ್ ಸಿಸ್ಟಮ್‌ಗಳ ಸಾಮಾನ್ಯ ಪದರ ಬದಲಾದಾಗಲೆಲ್ಲ ಅದನ್ನೂ ತಿದ್ದಲೇಬೇಕಿತ್ತು. 2022ರ 5.18ರಲ್ಲಿ ಕರ್ನಲ್‌ಗೆ ಯಾವ ಭಾಗಗಳು ಬೇಕೆಂದು ಆರಿಸುವ ಕಾನ್‌ಫಿಗ್ ಮೆನುವಿನಲ್ಲಿ ಅದರ ಹೆಸರಿನ ಪಕ್ಕದಲ್ಲೇ ‘ಡೆಪ್ರಿಕೇಟೆಡ್’ (ಇನ್ನು ಬಳಸಬೇಡಿ) ಎಂದು ಬರೆದರು. ಅಂಥ ಡಿಸ್ಕನ್ನು ಮೌಂಟ್ ಮಾಡಿದರೆ, ಅಂದರೆ ಬಳಕೆಗೆ ಜೋಡಿಸಿಕೊಂಡರೆ, ‘2025ರಲ್ಲಿ ಇದು ಇರುವುದಿಲ್ಲ’ ಎಂದು ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬರುವಂತೆ ಮಾಡಿದರು. 2025ರ ಜನವರಿಯಲ್ಲಿ ಬಂದ 6.13ರಲ್ಲಿ ಅದು ಹೋಯಿತು. ಇಲ್ಲಿ ವರ್ಷದ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೆ: ನಡುವೆ 6.1, 6.6, 6.12 ಎಂಬ ಮೂರು ದೀರ್ಘಾವಧಿ ಆವೃತ್ತಿಗಳು (ವರ್ಷಗಟ್ಟಲೆ ತಿದ್ದುಪಡಿ ಪಡೆಯುವಂಥವು) ಎಚ್ಚರಿಕೆಯನ್ನು ಹೊತ್ತೇ ಬಂದವು. ವೇ-ಬ್ರಿಡ್ಜ್ ಕಂಪ್ಯೂಟರಿನಂಥವು ಒಂದು ದೀರ್ಘಾವಧಿ ಆವೃತ್ತಿಯಿಂದ ಇನ್ನೊಂದಕ್ಕೆ ಮಾತ್ರ ಹಾರುತ್ತವೆ. ನಡುವಿನ ಆವೃತ್ತಿಗಳಲ್ಲಷ್ಟೇ ಎಚ್ಚರಿಸಿದರೆ ಅವುಗಳ ಮಟ್ಟಿಗೆ ಎಚ್ಚರಿಸಿಯೇ ಇಲ್ಲ. ಆದ್ದರಿಂದ ಕನಿಷ್ಠ ಒಂದು ದೀರ್ಘಾವಧಿ ಆವೃತ್ತಿಯಲ್ಲಾದರೂ ಎಚ್ಚರಿಕೆ ಇರದೆ ಏನನ್ನೂ ತೆಗೆಯಬಾರದು ಎಂಬುದು ನನ್ನ ಖಚಿತ ನಿಲುವು.

ಎಚ್ಚರಿಕೆಯ ಮಾತೂ ಉಪಯೋಗಕ್ಕೆ ಬರುವಂತಿರಬೇಕು. ಕರ್ನಲ್‌ನ ಸೆಟ್ಟಿಂಗ್ ಓದಿ ಬದಲಿಸುವ ಹಳೆಯ ಬೈನರಿ ಸಿಸ್‌ಸಿಟಿಎಲ್ ಎಂಬ ಸಿಸ್ಟಮ್ ಕಾಲ್ ಬಳಸಿದರೆ, ಬಳಸಿದ ಪ್ರೋಗ್ರಾಮಿನ ಹೆಸರೂ ಲಾಗ್‌ನಲ್ಲಿ ಬೀಳುತ್ತಿತ್ತು. ಯಾವುದನ್ನು ಸರಿಪಡಿಸಬೇಕೆಂದು ಓದಿದವರಿಗೆ ತಕ್ಷಣ ತಿಳಿಯುತ್ತದೆ. 5.5ರಲ್ಲಿ ಅದನ್ನು ಕೈಬಿಟ್ಟ ಮೇಲೂ 64 ಬಿಟ್ ಎಕ್ಸ್86ರಲ್ಲಿ ಅದರ 156ನೇ ಸಂಖ್ಯೆಯನ್ನು ಬೇರೆಯದಕ್ಕೆ ಕೊಟ್ಟಿಲ್ಲ. ಕೊಟ್ಟರೆ ಹಳೆಯ ಪ್ರೋಗ್ರಾಮ್ ತಪ್ಪು ಕೆಲಸವನ್ನೇ ಕರೆದುಬಿಡುತ್ತದೆ. ‘ಇಂಥ ಕಾಲ್ ಇಲ್ಲ’ ಎಂಬ ದೋಷ ಮರಳಿಸುವುದೇ ಸುರಕ್ಷಿತ. ಹಿಂದೆ ತೆಗೆಯುವ ವೇಳಾಪಟ್ಟಿಗೆಂದೇ ದಾಖಲೆಗಳ ಜೊತೆ ಒಂದು ಕಡತವಿತ್ತು, 2012ರಲ್ಲಿ ಅದನ್ನೇ ಅಳಿಸಿದರು. ಒಳ್ಳೆಯದೇ ಆಯಿತು. ದಿನಾಂಕ ಇರಬೇಕಾದದ್ದು ಬಳಕೆದಾರರ ಲಾಗ್‌ನಲ್ಲಿ.

ನೀವು ಕಳಿಸುವ ಪ್ಯಾಚ್‌ಗಳ (ಕೋಡ್ ಬದಲಾವಣೆಗಳ) ಸರಣಿಯಲ್ಲಿ ಅಳಿಸುವ ಪ್ಯಾಚನ್ನು ಒಂಟಿಯಾಗಿಡಿ. ಅದರಿಂದ ಸಾಧ್ಯವಾಗುವ ಸಾಮಾನ್ಯ ಕೋಡ್‌ನ ಸ್ವಚ್ಛತೆ ಬೇರೆ ಪ್ಯಾಚ್‌ಗಳಲ್ಲಿ, ಸಾಧ್ಯವಾದರೆ ಮುಂದಿನ ಆವೃತ್ತಿಯಲ್ಲಿ ಬರಲಿ. ಎರಡನ್ನೂ ಬೆರೆಸಿದರೆ, ತಡವಾಗಿ ಒಬ್ಬ ಬಳಕೆದಾರ ಬಂದು ಕೇಳಿದಾಗ ಒಂದು ರಿವರ್ಟ್‌ನಲ್ಲಿ (ಬದಲಾವಣೆ ಹಿಂತೆಗೆಯುವುದರಲ್ಲಿ) ಮುಗಿಯಬೇಕಾದದ್ದು ವಾರಗಟ್ಟಲೆ ಎಳೆಯುತ್ತದೆ.

ಮೂಲ ಕೋಡ್‌ನಿಂದ ಕರ್ನಲ್ ತಾವೇ ಬಿಲ್ಡ್ ಮಾಡುವವರು ಎಡವುವ ಜಾಗ ಇನ್ನೊಂದಿದೆ. ಆಯ್ಕೆಗಳನ್ನು ಬರೆದಿಟ್ಟ ಹಳೆಯ ಡಾಟ್-ಕಾನ್‌ಫಿಗ್ ಕಡತ ಇಟ್ಟು, ಅದನ್ನು ಹೊಸ ಆವೃತ್ತಿಗೆ ಹೊಂದಿಸುವ ‘ಮೇಕ್ ಓಲ್ಡ್‌ಡೆಫ್‌ಕಾನ್‌ಫಿಗ್’ ಆದೇಶ ಕೊಟ್ಟರೆ, ಈಗಿಲ್ಲದ ಆಯ್ಕೆಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಬಿಲ್ಡ್‌ನಲ್ಲಿ ದೋಷ ಬರುವುದಿಲ್ಲ. ವ್ಯವಸ್ಥೆಯೇ ಇರುವ ರೂಟ್ ಡಿಸ್ಕ್ ಮೌಂಟ್ ಆಗದೆ ಬೂಟ್ ನಿಂತಾಗಲೇ ಗೊತ್ತಾಗುವುದು. ಹಳೆಯ, ಹೊಸ ಕಾನ್‌ಫಿಗ್ ಎರಡನ್ನೂ ಕರ್ನಲ್ ಕೋಡ್‌ನ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿರುವ, ವ್ಯತ್ಯಾಸ ತೋರಿಸುವ ಡಿಫ್‌ಕಾನ್‌ಫಿಗ್‌ಗೆ ಕೊಟ್ಟು, ಮೈನಸ್ ಚಿಹ್ನೆಯ ಸಾಲುಗಳನ್ನು ಒಂದೊಂದಾಗಿ ಓದಿ. ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಉಳಿದಿರಲಿ. ರೈಸರ್‌ಎಫ್‌ಎಸ್ ಡಿಸ್ಕ್ ಇನ್ನೂ ಇದ್ದರೆ, ಅದರ ಬೆಂಬಲ ಸೇರಿಸಿ ಬಿಲ್ಡ್ ಮಾಡಿದ 6.12ರಲ್ಲಿ ಬೂಟ್ ಮಾಡಿ, ಓದಲಷ್ಟೇ ಬರುವಂತೆ ಮೌಂಟ್ ಮಾಡಿ, ಎಕ್ಸ್‌ಟಿ4 ಫೈಲ್ ಸಿಸ್ಟಮ್ ಇರುವ ಬೇರೆ ಡಿಸ್ಕಿಗೆ ಆರ್‌ಸಿಂಕ್ ಎಂಬ ನಕಲು ಸಾಧನದಿಂದ ಎಲ್ಲವನ್ನೂ ನಕಲಿಸಿಕೊಳ್ಳಿ. ಆ ಡಿಸ್ಕಿನಿಂದ ಬೂಟ್ ಆಗಿ ಒಂದು ತೂಕದ ಚೀಟಿ ಪ್ರಿಂಟ್ ಆಗುವವರೆಗೆ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಡಿ.