ಬೆಳಗ್ಗಿನ ಹಾಲು ನಿನ್ನೆಯ ಲೆಕ್ಕಕ್ಕೆ ಯಾಕೆ ಹೋಗುತ್ತದೆ?

ಪ್ರಶ್ನೆ: ನಮ್ಮ ಹಾಲಿನ ಸೊಸೈಟಿಯ ಸಾಫ್ಟ್‌ವೇರನ್ನು ಹೊಸ ಸರ್ವರಿಗೆ ಹಾಕಿದ ಮೇಲೆ ಬೆಳಗ್ಗೆ ಐದೂಕಾಲಿಗೆ ಅಳೆದ ಹಾಲು ಹಿಂದಿನ ದಿನದ ತಾರೀಕಿನಲ್ಲಿ ಬೀಳುತ್ತದೆ. ಆರು ಗಂಟೆಯದ್ದು ಸರಿ ಬರುತ್ತದೆ. ನಮ್ಮ ಕಂಪ್ಯೂಟರಿನ ಗಡಿಯಾರ ಸರಿಯಾಗಿಯೇ ಇದೆ. ಏನು ಮಾಡಲಿ?
– ಓದುಗರು, ಪೆರ್ಲ, ಕಾಸರಗೋಡು

ಉತ್ತರ: ಆರು ಗಂಟೆಯದ್ದೂ ಸರಿ ಬರುತ್ತಿಲ್ಲ, ತಾರೀಕು ಮಾತ್ರ ಸರಿ ಇದೆ. ಆ ಸ್ಲಿಪ್ಪಿನಲ್ಲಿ ಗಂಟೆ ನೋಡಿ, ಮಧ್ಯರಾತ್ರಿ ಕಳೆದು ಅರ್ಧ ಗಂಟೆ ಎಂದಿರುತ್ತದೆ. ಐದೂಕಾಲರದ್ದು ಹಿಂದಿನ ರಾತ್ರಿ 11:45. ಅಂದರೆ ಸರ್ವರ್ ಯುಟಿಸಿ ಸಮಯದಲ್ಲಿ, ಎಂದರೆ ಇಡೀ ಜಗತ್ತು ಅಳತೆಗೆ ಇಟ್ಟುಕೊಂಡ ಮೂಲ ಸಮಯದಲ್ಲಿ, ಓಡುತ್ತಿದೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಧ್ಯಾಹ್ನದ ಹಾಲನ್ನೂ ಒಮ್ಮೆ ನೋಡಿ. ಮೂರು ಗಂಟೆಗೆ ಅಳೆದದ್ದು ಅಲ್ಲಿ 9:30 ಆಗುತ್ತದೆ. ಗಂಟೆ ನೋಡಿ ಹೊತ್ತು ಗುರುತಿಸುವ ಸಾಫ್ಟ್‌ವೇರಾದರೆ ಅದನ್ನೂ ಬೆಳಗ್ಗಿನ ಹಾಲೆಂದೇ ಬರೆದುಕೊಂಡಿರುತ್ತದೆ.

ಇಂಥ ತೊಂದರೆಯಲ್ಲಿ ಮೊದಲು ಮಾಡಬೇಕಾದದ್ದು ವ್ಯತ್ಯಾಸ ಎಷ್ಟೆಂದು ಅಳೆಯುವುದು. ಕರಾರುವಾಕ್ಕಾಗಿ 5:30 ಇದ್ದರೆ ಯುಟಿಸಿ. 1:30 ಇದ್ದರೆ ದುಬೈ, 2:30 ಆದರೆ ಸೌದಿ, ಕುವೈತ್ ಅಥವಾ ಕತಾರ್. ಗಲ್ಫಿನಿಂದ ಲ್ಯಾಪ್‌ಟಾಪ್ ಬಾರದ ಮನೆ ನಮ್ಮ ಜಿಲ್ಲೆಯಲ್ಲಿ ಕಡಿಮೆ, ಹಾಗಾಗಿ ಇವೆರಡೂ ನೆನಪಿರಲಿ. ಆರೇಳು ನಿಮಿಷದ ವ್ಯತ್ಯಾಸವೋ? ಅದು ಟೈಮ್ ಝೋನಿನ ಕತೆಯೇ ಅಲ್ಲ, ಗಡಿಯಾರವೇ ಹಿಂದೆ ಬಿದ್ದಿದೆ.

ನಿಮ್ಮ ಕಂಪ್ಯೂಟರಿನ ಗಡಿಯಾರ ಸರಿಯಿದ್ದೂ ಯಾಕೆ ಹೀಗೆ ಎಂದರೆ, ಸಮಯ ಬರೆಯುವುದು ಅದಲ್ಲ. ಸರ್ವರಿನ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ನಿಮ್ಮ ಸಾಫ್ಟ್‌ವೇರನ್ನು ಓಡಿಸುವ ಪಿಎಚ್‌ಪಿ ಅಥವಾ ಜಾವಾ, ಜೊತೆಗೆ ಲೆಕ್ಕವನ್ನು ಕೂಡಿಡುವ ಡೇಟಾಬೇಸ್, ಎಲ್ಲಕ್ಕೂ ತಮ್ಮದೇ ಸೆಟ್ಟಿಂಗ್ ಇರಬಹುದು. ಪಿಎಚ್‌ಪಿಯಲ್ಲಿ ಏನೂ ಬರೆಯದೆ ಬಿಟ್ಟರೆ ಯುಟಿಸಿ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಡಿಫಾಲ್ಟಾಗಿ ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನೇ ಹಿಡಿದುಕೊಳ್ಳುತ್ತದೆ, ಅದೂ ತಾನು ಶುರುವಾಗುವ ಹೊತ್ತಿಗೆ ಏನಿತ್ತೋ ಅದನ್ನು. ಜಾವಾ ಕೂಡ ಹಾಗೆಯೇ. ಸೆಟ್ಟಿಂಗ್ ಬದಲಿಸಿ ರೀಸ್ಟಾರ್ಟ್ ಮಾಡದೆ "ಏನೂ ಆಗಲಿಲ್ಲ ಮಾರಾಯ್ರೆ" ಎನ್ನುವವರು ಬಹಳ.

ಸಾಫ್ಟ್‌ವೇರಿನವರಿಗೆ ಹೇಳುವಾಗ "ಟೈಮ್ ಸರಿ ಮಾಡಿ" ಎನ್ನಬೇಡಿ. ಗಡಿಯಾರದ ಮುಳ್ಳನ್ನೇ ಐದೂವರೆ ಗಂಟೆ ಮುಂದೆ ತಿರುಗಿಸಿಬಿಡುವವರಿದ್ದಾರೆ. ಆಗ ಸ್ಲಿಪ್ ಚೆನ್ನಾಗಿ ಕಾಣುತ್ತದೆ, ಆದರೆ ಸರ್ವರಿನ ಅಸಲಿ ಸಮಯವೇ ಕೆಡುತ್ತದೆ. ಲಾಗಿನ್ ಆಗಲು ಬಳಸುವ ಅಥೆಂಟಿಕೇಟರ್ ಆ್ಯಪಿನ ಕೋಡ್ ಸಮಯ ನೋಡಿಯೇ ಹುಟ್ಟುವುದರಿಂದ ಅದೂ ಹೊಂದುವುದಿಲ್ಲ. "ಟೈಮ್ ಝೋನನ್ನು ಏಷ್ಯಾ/ಕೋಲ್ಕತಾ ಮಾಡಿ" ಎಂದೇ ಹೇಳಿ, ಭಾರತದ ಸಮಯಕ್ಕೆ ಕಂಪ್ಯೂಟರಿನಲ್ಲಿರುವ ಹೆಸರು ಅದು. ಕೆಲವೆಡೆ ಏಷ್ಯಾ/ಕಲ್ಕಟ್ಟಾ ಎಂಬ ಹಳೆಯ ಹೆಸರು ಕಂಡರೆ ಗಾಬರಿ ಬೇಡ, ಎರಡೂ ಒಂದೇ. ಆದರೆ ಭಾರತದ ಸಮಯಕ್ಕೆ ನಾವು ಹೇಳುವ ಐಎಸ್‌ಟಿ ಎಂಬ ಮೂರಕ್ಷರವನ್ನು ನಂಬಬೇಡಿ: ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಡಿಫಾಲ್ಟಾಗಿ ಅದನ್ನು ಇಸ್ರೇಲಿನ ಸಮಯವೆಂದು ಓದುವುದುಂಟು!

(ಕಾಸರಗೋಡು ಇರುವುದು ಸುಮಾರು 75 ಡಿಗ್ರಿ ರೇಖಾಂಶದಲ್ಲಿ, ಭಾರತದ ಸಮಯ ನಿಂತಿರುವುದು 82.5ರ ಮೇಲೆ. ಸೂರ್ಯನನ್ನು ಕೇಳಿದರೆ ನಾವು ಇನ್ನೂ ಅರ್ಧ ಗಂಟೆ ಹಿಂದೆ. ಅದನ್ನು ಪಂಚಾಂಗ ನೋಡಿಕೊಳ್ಳುತ್ತದೆ, ಸಾಫ್ಟ್‌ವೇರಿಗೆ ಬೇಡ.)

ಸರ್ವರಿನಲ್ಲಿ ಬೇರೆಯವರ ಕೆಲಸವೂ ನಡೆಯುತ್ತಿದ್ದರೆ ಇಡೀ ಯಂತ್ರದ ಝೋನ್ ಮುಟ್ಟುವುದು ಸರಿಯಲ್ಲ. ಸಮಯ ತುಂಬಿಸುವುದು ಮೈಎಸ್‌ಕ್ಯೂಎಲ್ ಆದರೆ, ಅದಕ್ಕೆ ಸಂಪರ್ಕಿಸುವಾಗ +05:30 ಎಂದು ಹೇಳಿದರೂ ಸಾಕು.

ಹಳೆಯ ನಮೂದುಗಳು ಮಾತ್ರ ಸ್ವಲ್ಪ ಕಿರಿಕಿರಿ. ಮೊದಲು ಬ್ಯಾಕಪ್ ತೆಗೆಸಿ. ಮೈಎಸ್‌ಕ್ಯೂಎಲ್‌ನಲ್ಲಿ ಟೈಮ್‌ಸ್ಟ್ಯಾಂಪ್ ಎಂಬ ಬಗೆಯ ಕಾಲಮ್ಮಿಗೆ ಡೇಟಾಬೇಸೇ ಸಮಯ ತುಂಬಿಸಿದ್ದರೆ, ಝೋನ್ ಬದಲಾದೊಡನೆ ಹಳೆಯದೂ ತಾನಾಗಿ ಸರಿ ಕಾಣುತ್ತದೆ. ಅದಕ್ಕೆ ಮತ್ತೆ ಐದೂವರೆ ಗಂಟೆ ಕೂಡಿಸಿದರೆ ಹೊಸ ತಪ್ಪು. ಡೇಟ್‌ಟೈಮ್ ಎಂಬ ಬಗೆಯದಾದರೆ ಬರೆದದ್ದು ಬರೆದ ಹಾಗೇ ಉಳಿಯುತ್ತದೆ, ಕೂಡಿಸಲೇಬೇಕು, ಸರ್ವರ್ ಬದಲಾದಲ್ಲಿಂದ ಸೆಟ್ಟಿಂಗ್ ಸರಿಯಾಗುವವರೆಗಿನ ಸಾಲುಗಳಿಗೆ ಮಾತ್ರ. ತಾರೀಕು, ಬೆಳಗ್ಗೆ, ಸಂಜೆ ಎಂಬುದನ್ನು ಬೇರೆ ಕಾಲಮ್ಮಿನಲ್ಲಿ ಬರೆದಿಟ್ಟಿದ್ದರೆ ಅವು ಯಾವ ಸೆಟ್ಟಿಂಗಿಗೂ ಬದಲಾಗುವುದಿಲ್ಲ. ಅವನ್ನು ಕೈಯಿಂದಲೇ ತಿದ್ದಿಸಿ, ಹಾಲು ಹಾಕಿದವರಿಗೆ ಮುಂದಿನ ಬಿಲ್ ಕೊಡುವ ಮೊದಲು.